ಸಸಿಗೆ ಮೂರು ಮೆಟ್ಟಿಲು

ನಮ್ಮ ಕಾಕಾ ಉಡಚಪ್ಪನನ್ನು ಮೊಟ್ಟಮೊದಲು ‘ಅವರೇ’ ಎಂದು ಕರೆದದ್ದು ಮನುಷ್ಯರಲ್ಲ. ಮೊಬೈಲು.

ಐವತ್ತೆರಡು ವರ್ಷ ಅವನು ಊರಿಗೆಲ್ಲ ಉಡಚ್ಯಾ. ಹಲ್ಲು ಬಿದ್ದ ಮುದುಕರಿಗೂ ಉಡಚ್ಯಾ, ಹಲ್ಲು ಬರದ ಕೂಸುಗಳಿಗೂ ಉಡಚ್ಯಾ. ಈ ಸಲ ಮುಂಗಾರು ಶುರುವಾದ ವಾರ, ಒಂದು ಮುಂಜಾನೆ, ಅವನ ಅಂಗಿಯ ಜೇಬಿನಿಂದ ಒಬ್ಬ ಹೆಂಗಸು ಮಾತಾಡಿದಳು. “ಉಡಚಪ್ಪ ಅವರೇ, ಶುಭೋದಯ. ನಿಮಗಾಗಿ ಒಂದು ಕೆಲಸ ಕಾದಿದೆ.” ರೊಟ್ಟಿ ತಿನ್ನುತ್ತ ಕೂತಿದ್ದ ಕಾಕಾ ಎದ್ದು ನಿಂತ. ಅಷ್ಟು ಮರ್ಯಾದೆಯಿಂದ ಕರೆದವರ ಮುಂದೆ ಕೂತಿರುವುದು ಸರಿ ಅನಿಸಲಿಲ್ಲ ಅವನಿಗೆ. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳಿಸು ಅಂತ ನನ್ನ ಅಂಗಡಿಗೆ ಬಂದ. ಹೇಳಿಸಿದೆ. ಮೂರು ಸಲ ಕೇಳಿದ. ನಾಲ್ಕನೇ ಸಲಕ್ಕೆ ಮುಖ ತಿರುಗಿಸಿಕೊಂಡ. ಕಣ್ಣು ಒರೆಸಿಕೊಳ್ಳುತ್ತಿದ್ದ ಅಂತ ನಾನು ಹೇಳುವುದಿಲ್ಲ. ಅವನಿಗೆ ಸಿಟ್ಟು ಬರುತ್ತದೆ.

ನಾನು ಫಕೀರೇಶ. ಅವನ ಅಣ್ಣನ ಮಗ. ಕುಂದಗೋಳ ತಾಲೂಕಿನ ನಮ್ಮೂರಿನ ಬಸ್‌ಸ್ಟ್ಯಾಂಡ್ ಬಾಜೂ ನನ್ನದೊಂದು ಝೆರಾಕ್ಸ್ ಅಂಗಡಿ. ಒಂದರ ನಕಲು ಇನ್ನೊಂದು ಮಾಡಿಕೊಡುವುದು ನನ್ನ ಉದ್ಯೋಗ. ಹಾಗಾಗಿ ಹೊಸದು ಅಂತ ಬಂದದ್ದು ಹಳೆಯದರ ನಕಲೋ ಏನೋ ಅಂತ ಮೊದಲು ಅನುಮಾನ ಪಡಬೇಕಾದವನು ನಾನೇ. ಪಡಲಿಲ್ಲ.

ಆ ಆ್ಯಪಿನ ಹೆಸರು ‘ಆಯ್ತ್ರಿ’. ಮೊದಲು ಪಟ್ಟಣದಲ್ಲಿ ಊಟ ಹಂಚುತ್ತಿತ್ತು. ಊಟವಾದ ಮೇಲೆ ಪಾತ್ರೆ ತೊಳೆಯುವುದಕ್ಕೂ ಆಳು ಬೇಕಲ್ಲ, ಮನೆಗೆಲಸಕ್ಕೆ ಕೈ ಹಾಕಿತು. ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಗಿರಣಿಗೆ ಹೋಗಿ ಹಿಟ್ಟು ಹಾಕಿಸಿಕೊಂಡು ಬರುವುದು, ರೇಷನ್ ಅಂಗಡಿಯ ಪಾಳಿಯಲ್ಲಿ ನಿಲ್ಲುವುದು, ತೋಟದ ಕೆಲಸ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬಂತು, ಕುಂದಗೋಳದಿಂದ ಹಳ್ಳಿಗೆ ಇಳಿಯಿತು. ಹಳ್ಳಿಯಲ್ಲಿ ಆಳು ಸೇರಿಸಿಕೊಡಲು ಒಬ್ಬ ಬೇಕಿತ್ತು. ನನ್ನನ್ನು ಹಿಡಿದರು. ತಲೆಗೆ ಇಷ್ಟು ಅಂತ ಮಾತಾಯಿತು. ನಮ್ಮ ಕೇರಿಯ ಹನ್ನೊಂದು ತಲೆ ಕೊಟ್ಟೆ.

ನಾನು ಮರುಳಾದದ್ದು ದುಡ್ಡಿಗಲ್ಲ. ಅರ್ಜಿಯಲ್ಲಿ ಹೆಸರಿಗೆ ಜಾಗ ಇತ್ತು, ವಯಸ್ಸಿಗೆ ಇತ್ತು, ಕೇರಿಗೆ ಇರಲಿಲ್ಲ. ‘ನೀವು ನಮ್ಮ ಆಳಲ್ಲ, ಸೇವಾ ಪಾಲುದಾರರು’ ಅಂತ ಬರೆದಿತ್ತು. ಓದಿ ಖುಷಿಪಟ್ಟೆ. ಪಾಲು ಅವರದು, ದಾರ ನಮ್ಮ ಕೊರಳಿಗೆ ಅನ್ನುವುದು ಆಮೇಲೆ ಹೊಳೆಯಿತು.

ಅನುಮಾನ ಪಟ್ಟವಳು ಕಾಕಾನ ಹೆಂಡತಿ ದುರಗವ್ವ. ನಾನು ಕಾಕಾನ ಫೋಟೋ ತೆಗೆಯುವಾಗ ಬಾಗಿಲಲ್ಲಿ ನಿಂತು ನೋಡಿದಳು. ಮೊಬೈಲು ಎಡಕ್ಕೆ ತಿರುಗು ಅಂತು, ಬಲಕ್ಕೆ ತಿರುಗು ಅಂತು, ಕಣ್ಣು ಮುಚ್ಚಿ ತೆರೆ ಅಂತು, ನಗು ಅಂತು. ದನದ ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಇದು ನಗಿಸಿ ನೋಡಿತು ಅಂದಳು. ನಿಂತ ಜಾಗ ಅದಕ್ಕೆ ಗೊತ್ತಾಗುತ್ತದೆ ಅಂತ ನಾನು ಹೇಳಿದೆ. ನಕ್ಷೆಯಲ್ಲಿ ಕಾಕಾ ಒಂದು ನೀಲಿ ಚುಕ್ಕೆ.

“ಚುಕ್ಕಿ ಎಲ್ಲಿ ಕುಂತೈತಿ ತೋರ್ಸು,” ಅಂದಳು.

ತೋರಿಸಿದೆ. ಹಳ್ಳದ ಆಚೆ, ಊರಿನಿಂದ ದೂರ, ನಮ್ಮ ಕೇರಿಯಲ್ಲಿ ಕೂತಿತ್ತು.

“ಕೇರಿ ಕೇಳೂದಿಲ್ಲ ಅಂದಿ. ಕೇಳೂದ್ಯಾಕ, ಕಾಣತೈತಲ್ಲ.”

ನಾನು ನಕ್ಕುಬಿಟ್ಟೆ. ಓದಿದವನು, ಓದದವಳ ಮಾತಿಗೆ ನಗುವುದು ಬಿಟ್ಟು ಮತ್ತೇನು ಮಾಡುತ್ತೇನೆ.

ಎರಡು ತಿಂಗಳು ಕೆಲಸ ಬಂತು. ಕಾಕಾ ಹಿಟ್ಟು ತಂದ, ಪಾಳಿ ನಿಂತ, ಮಾಸ್ತರರ ಮನೆಯ ನೀರಿನ ಟಾಕಿಯೊಳಗೆ ಇಳಿದು ಪಾಚಿ ಕೆರೆದ. ಕೆಲಸದ ಮೊದಲು ಒಂದು ಫೋಟೋ, ಮುಗಿದ ಮೇಲೆ ಒಂದು ಫೋಟೋ. ಆ್ಯಪು ಎರಡನ್ನೂ ನೋಡಿ ತಾನೇ ಪಾಸು ಮಾಡುತ್ತಿತ್ತು. ಗಿರಾಕಿ ಮೆಚ್ಚಿದರೆ ಐದು ಸ್ಟಾರು. ನಾಲ್ಕಕ್ಕಿಂತ ಕೆಳಗೆ ಇಳಿದರೆ ಐಡಿ ಬಂದ್. ಹಾಡಹಗಲೇ ನಕ್ಷತ್ರ ತೋರಿಸುವ ಕಂಪನಿ. ಆದರೂ ಸಂಜೆ ಕಾಕಾ ಕಟ್ಟೆಯ ಮೇಲೆ ಕೂತು ಆ ಹೆಂಗಸಿನ ದನಿ ಕೇಳಿಸಿಕೊಳ್ಳುತ್ತಿದ್ದ. ಧನ್ಯವಾದಗಳು ಉಡಚಪ್ಪ ಅವರೇ. ಅಷ್ಟಕ್ಕೇ ಅವನು ದುಡಿಯುತ್ತಿದ್ದ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಇಲ್ಲಿ ಎಂಟು ವರ್ಷದ ಹಿಂದಿನ ಒಂದು ದಿನದ ಬಗ್ಗೆ ಹೇಳಬೇಕು. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ನಮ್ಮೂರ ಧಣಿಗಳ ಮನೆತನದಲ್ಲಿ ಹೆಣ ಸುಡುವುದಿಲ್ಲ. ಮಣ್ಣಿನಲ್ಲಿ ಕೂರಿಸುತ್ತಾರೆ. ಕೂರಿಸಲು ಕುಣಿ ಬೇಕು. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಒಂದು ಕಡೆ ಇಳಿಯಲು ಮೂರು ಮೆಟ್ಟಿಲು, ಎದುರು ಗೋಡೆಯಲ್ಲಿ ಹೆಣ ಕೂರುವ ಗೂಡು. ಪಾದ ಅಂದರೆ ಸತ್ತವರದೇ ಪಾದ. ದಾರ ಹಿಡಿದು ಅಳೆದು, ಪಾದಕ್ಕೊಂದು ಗಂಟು ಹಾಕುತ್ತಾರೆ. ಆ ದಾರ ಹಿಡಿದುಕೊಂಡು ಕುಣಿ ತೆಗೆಯುವ ಕೆಲಸ ತಲೆತಲಾಂತರದಿಂದ ನಮ್ಮ ಮನೆಯದು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಕೇಳುವ ಹೊತ್ತಿಗೆ ಕತ್ತಿನ ಮಟ ಕುಣಿಯಲ್ಲಿ ಇರುತ್ತಿದ್ದೆವು.

ಎಂಟು ವರ್ಷದ ಹಿಂದೆ, ಇಂಥದೇ ಮಳೆಗಾಲ. ಧಣಿ ಶಂಭುಲಿಂಗಪ್ಪನ ತಂದೆ ಈರಬಸಪ್ಪ ಹೋಗಿದ್ದ. ನಮ್ಮಪ್ಪ ಮತ್ತು ಉಡಚಪ್ಪ ಕಾಕಾ ಕುಣಿ ತೆಗೆಯಲು ಹೋದರು. ಎರಿ ಮಣ್ಣು. ಕಪ್ಪು, ಅಂಟು. ನೀರು ಕುಡಿದರೆ ಅದು ಮಣ್ಣಲ್ಲ, ಬಾಯಿ. ಅಪ್ಪ ಕೆಳಗೆ ಕೂತು ಗೂಡು ಕಡಿಯುವಾಗ ಗೋಡೆ ಕುಸಿಯಿತು. ಎದೆಯ ಮಟ ಹೂತುಹೋದ. ದಂಡೆಯ ಮೇಲೆ ಹದಿನೈದು ಜನ ಇದ್ದರು. ಒಬ್ಬನೂ ಇಳಿಯಲಿಲ್ಲ. ಒಬ್ಬ ಹಗ್ಗ ಎಸೆದ. ಕಾಕಾ ಬರಿಗೈಯಲ್ಲಿ ಮಣ್ಣು ಬಗೆದು ಎಳೆದು ತೆಗೆದ. ಅಪ್ಪನ ಟೊಂಕ ಮುರಿದಿತ್ತು.

ದವಾಖಾನೆಗೆ ಒಯ್ಯಲು ಗಾಡಿ ಕೇಳಿದ ಕಾಕಾ. ಹೆಣ ಸಿಂಗರಿಸಿ ಪಡಸಾಲೆಯಲ್ಲಿ ಕೂರಿಸಿಟ್ಟಾಗಿದೆ, ಬೀಗರೆಲ್ಲ ಬಂದಾಗಿದೆ, ಮೊದಲು ಕುಣಿ ಮುಗಿಸು, ಆಮೇಲೆ ಗಾಡಿ ಅಂದ ಶಂಭುಲಿಂಗಪ್ಪ. ಕಾಕಾ ಮತ್ತೆ ಇಳಿದ. ಎರಡು ತಾಸು. ಅಣ್ಣ ದಂಡೆಯ ಮೇಲೆ ಗೋಣಿ ತಟ್ಟಿನಲ್ಲಿ ನರಳುತ್ತಿದ್ದ, ತಮ್ಮ ಕೆಳಗೆ ಗೂಡು ಕಡಿದು ಮುಗಿಸಿದ. ಮುಗಿಸಿಯೇ ಬಂದ.

ಅಪ್ಪ ಮೂರು ವರ್ಷ ಹಾಸಿಗೆಯಲ್ಲಿದ್ದು ಹೋದ. ಆ ಮೂರು ವರ್ಷ ಕಾಕಾ ಅವನ ಮುಖ ನೋಡಿ ಮಾತಾಡಲಿಲ್ಲ.

ಅದೇ ವಾರ ಕೇರಿಯ ಸಮುದಾಯ ಭವನದಲ್ಲಿ ಎಲ್ಲರೂ ಕೂಡಿದರು. ಇನ್ನು ಮೇಲೆ ಯಾರ ಮನೆಯಲ್ಲಿ ಸಾವೋ ಆ ಮನೆಯವರೇ ಕುಣಿ ತೆಗೆಯಲಿ. ನಾವು ತೆಗೆಯುವುದಿಲ್ಲ. ಬಿಟ್ಟಿಗೂ ಇಲ್ಲ, ರೊಕ್ಕಕ್ಕೂ ಇಲ್ಲ. ಊರು ಎರಡು ತಿಂಗಳು ನಮಗೆ ಕೂಲಿ ಕೊಡಲಿಲ್ಲ, ಗಿರಣಿಯಲ್ಲಿ ಹಿಟ್ಟು ಹಾಕಲಿಲ್ಲ. ಯಾರೂ ಮಾತು ಮುರಿಯಲಿಲ್ಲ. ಆಮೇಲೆ ಅವರು ಜೇಸಿಬಿ ತರಿಸಲು ಕಲಿತರು. ಗೂಡು ಕಡಿಯಲು ದೂರದಿಂದ ಆಳು ತಂದರು. ಎಂಟು ವರ್ಷದಲ್ಲಿ ನಮ್ಮ ಕೇರಿಗೆ ಸಿಕ್ಕದ್ದು ಅದೊಂದೇ, ಇಟ್ಟುಕೊಂಡ ಒಂದು ಮಾತು.

ಈಗ ಶ್ರಾವಣಕ್ಕೆ ಬರುತ್ತೇನೆ.

ನಾಲ್ಕು ದಿನ ಬಿಡದೆ ಮಳೆ. ಹೆಸರು ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತಿತ್ತು. ಕೆರೆ ದಂಡೆಯಲ್ಲಿ ಪಂಚಾಯ್ತಿಯ ಜೇಸಿಬಿ ಗಾಲಿ ಹೂತು ನಿಂತು ಎರಡು ದಿನವಾಗಿತ್ತು. ಐದನೇ ದಿನ ಮುಂಜಾನೆ ಐದೂವರೆಗೆ ಕಾಕಾನ ಜೇಬು ಮಾತಾಡಿತು. ಉಡಚಪ್ಪ ಅವರೇ, ತೋಟದ ಕೆಲಸ ಬಂದಿದೆ, ಸಸಿ ನೆಡಲು ಗುಂಡಿ, ಗ್ರಾಹಕರು ಈರೇಶ. ಈರೇಶ ಅಂದರೆ ಶಂಭುಲಿಂಗಪ್ಪನ ಮಗ. ಹುಬ್ಬಳ್ಳಿಯಲ್ಲಿ ಟ್ರಾಕ್ಟರಿನ ಶೋರೂಮು ಇಟ್ಟವನು.

ದುರಗವ್ವ ಒಲೆಯ ಮುಂದಿನಿಂದ ಎದ್ದು ಬಂದಳಂತೆ. ಸಸಿಗೆ ಇಷ್ಟು ಅವಸರ ಯಾಕೆ, ಹೊತ್ತು ಹುಟ್ಟುವ ಮೊದಲೇ ನೆಡದಿದ್ದರೆ ಓಡಿ ಹೋಗುತ್ತದೇನು ಅಂತ ಕೇಳಿದಳಂತೆ. ತೋಟದ ಕೆಲಸಕ್ಕೆ ಕುಂದಗೋಳದಲ್ಲಿ ಐದು ಸ್ಟಾರಿನ ಆರು ಹುಡುಗರಿದ್ದಾರೆ, ನಾಲ್ಕರ ಅಂಚಿಗೆ ನಿಂತ ನಿನ್ನನ್ನೇ ಯಾಕೆ ಆರಿಸಿದ ಅಂತ ಕೇಳಿದಳಂತೆ. ಕಾಕಾ ಅಂದದ್ದು ಒಂದೇ. ಆ ಹೆಣ್ಣುಮಗಳು ಅಷ್ಟು ಚಂದ ಕರೆದಿದ್ದಾಳೆ, ಒಲ್ಲೆ ಅಂದರೆ ಸ್ಟಾರು ಬೀಳುತ್ತವೆ. ಗುದ್ದಲಿ, ಹಾರಿ, ಸಲಿಕೆ ಹೊತ್ತು ಹೋದ.

ಹೋದದ್ದು ಧಣಿಗಳ ಮನೆಯ ಹಿಂದಿನ ಹೊಲದ ಮೂಲೆಗೆ. ಅವರ ಹಳೆಯ ಸಮಾಧಿ ಜಾಗ ಬೈಪಾಸ್ ರಸ್ತೆಗೆ ಹೋಗಿ ವರ್ಷವಾಗಿತ್ತು. ಈ ಮೂಲೆಯಲ್ಲಿ ಬಾವಿ, ಬದುವಿನ ಮೇಲೆ ಒಂದು ಬೇವಿನ ಮರ, ಸಮಾಧಿ ಒಂದೂ ಇಲ್ಲ, ಕಾಕಾನಿಗೆ ಅನುಮಾನ ಬರಲಿಲ್ಲ. ನಾಲ್ಕು ಗೂಟ ಮೊದಲೇ ಬಡಿದಿದ್ದರು. ಈರೇಶ ದೂರದಿಂದಲೇ ಕೈ ತೋರಿಸಿ ಹೋಗಿಬಿಟ್ಟ.

ಒಂಬತ್ತಕ್ಕೆ ಕಾಕಾ ನನಗೆ ಫೋನು ಮಾಡಿದ. ಆ್ಯಪಿನ ಹೆಂಗಸು ಕಂಪನಿಯ ಮಾತನ್ನಷ್ಟೇ ಓದಿ ಹೇಳುತ್ತಾಳೆ. ಗಿರಾಕಿ ಬರೆದು ಕಳಿಸಿದ್ದನ್ನು ನಾವೇ ಓದಬೇಕು. ಕಾಕಾನಿಗೆ ಓದಲು ಬರುವುದಿಲ್ಲ. ಅಂಗಡಿ ಮುಚ್ಚಿ ಹೋದೆ.

ಕಾಕಾ ಟೊಂಕದ ಮಟ ಇಳಿದಿದ್ದ. ಎರಿ ಮಣ್ಣು ಸಲಿಕೆಗೆ ಹತ್ತಿ ಬಿಡುವುದಿಲ್ಲ. ಒಂದು ಸಲಿಕೆ ಎಸೆದರೆ ಅರ್ಧ ಹಾರುತ್ತದೆ, ಅರ್ಧ ಅಲ್ಲೇ ಉಳಿಯುತ್ತದೆ. ಬೆರಳಿಂದ ಕಿತ್ತು ಕಿತ್ತು ಎಸೆಯುತ್ತಿದ್ದ. ಕಾಲಿಗೆ ಐದೈದು ಕಿಲೋ ಮಣ್ಣು ಮೆತ್ತಿತ್ತು. ಉಸಿರಾಡುವಾಗ ಎದೆಯಲ್ಲಿ ಸೀಟಿ ಹೊಡೆದ ಸದ್ದು.

ಮೊಬೈಲು ತೆಗೆದು ನೋಡಿದೆ. ಮೂರು ಸಂದೇಶ ಬಂದಿದ್ದವು. ಆರೂ ಮುಕ್ಕಾಲಿಗೆ, ‘ಆಳವಾಗಿ ಬರಲಿ, ಎದೆಯ ಮಟ್ಟ’. ಎಂಟಕ್ಕೆ, ‘ಒಂದು ಬದಿ ಮೂರು ಮೆಟ್ಟಿಲು ಬಿಡಿ’. ಈಗ, ‘ಎದುರು ಗೋಡೆಯಲ್ಲಿ ಗೂಡು ಕಡಿಯಿರಿ, ಬೇಗ’.

ನಾನು ಓದುವುದನ್ನು ನಿಲ್ಲಿಸಿದೆ. ಕಾಕಾ ಸಲಿಕೆ ನಿಲ್ಲಿಸಿದ.

“ಮತ್ತೊಮ್ಮೆ ಓದು,” ಅಂದ.

ಓದಿದೆ.

“ಫಕೀರ್ಯಾ, ಯಾವ ಸಸಿಲೇ ಅದು, ಮೆಟ್ಟಲ ಇಳದ ಹೋಗೂದು?”

ನಾನು ಸುತ್ತ ನೋಡಿದೆ. ಹುಲ್ಲಿನಲ್ಲಿ, ಗೂಟದ ಬುಡದಲ್ಲಿ, ಒಂದು ಹುರಿ ಬಿದ್ದಿತ್ತು. ಗೂಟ ಬಡಿದವರು ಅಳತೆ ಮಾಡಿ ಅಲ್ಲೇ ಎಸೆದಿದ್ದರು. ಎತ್ತಿ ಕಾಕಾನ ಕೈಗೆ ಕೊಟ್ಟೆ. ಅವನು ಮಣ್ಣಿನ ಕೈಯಲ್ಲಿ ಗಂಟು ಎಣಿಸಿದ. ಒಂಬತ್ತು. ಆಮೇಲೆ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಗೇಣು ಇಟ್ಟು ನೋಡಿದ. ಒಂದು ಗೇಣೂ ತುಂಬಲಿಲ್ಲ.

“ಸಣ್ಣ ಪಾದ,” ಅಂದ. “ಶಾರದವ್ವ.”

ಶಾರದವ್ವ ಶಂಭುಲಿಂಗಪ್ಪನ ತಾಯಿ. ಎಂಬತ್ತು ದಾಟಿದ ಮುದುಕಿ. ಬೇಸಿಗೆಯಲ್ಲಿ ಕೇರಿಯವರು ಕೆಲಸಕ್ಕೆ ಹೋದರೆ ಬೊಗಸೆಗೆ ಮಜ್ಜಿಗೆ ಸುರಿಯುತ್ತಿದ್ದಳು. ಮೈಲಿಗೆ ಆಗದಂತೆ ಮೇಲಿನಿಂದಲೇ ಸುರಿಯುತ್ತಿದ್ದಳು. ಆದರೆ ಉಪ್ಪು ಹಾಕಿ ಸುರಿಯುತ್ತಿದ್ದಳು.

ಇಬ್ಬರೂ ಧಣಿಗಳ ಮನೆಯ ಕಡೆ ನೋಡಿದೆವು. ಹಿತ್ತಲು ಚೆನ್ನಾಗಿ ಕಾಣುತ್ತಿತ್ತು. ಒಲೆಯ ಹೊಗೆ ಇಲ್ಲ. ಮುಂದಿನ ರಸ್ತೆಯಲ್ಲಿ ನಾಲ್ಕು ಕಾರು ನಿಂತಿದ್ದವು. ಬಿಳಿ ಅಂಗಿಯವರು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದರು. ಅಷ್ಟು ಜನ, ಆದರೆ ಒಬ್ಬ ಹೆಂಗಸಿನ ದನಿಯೂ ಇಲ್ಲ. ಹಟ್ಟಿಯಲ್ಲಿ ಕರು ಮಾತ್ರ ಒದರುತ್ತಿತ್ತು. ದಿನಾ ಅದನ್ನು ತಾಯಿಯ ಹತ್ತಿರ ಬಿಡುತ್ತಿದ್ದವಳು ಶಾರದವ್ವ. ಇವತ್ತು ಯಾರೂ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಅಳುತ್ತಿದ್ದದ್ದು ಕರು ಒಂದೇ.

ನನಗೆ ಎಲ್ಲ ಅರ್ಥವಾಯಿತು. ಅಳು ಕೇಳಿದರೆ ಕೇರಿಗೆ ಗೊತ್ತಾಗುತ್ತದೆ. ಕೇರಿಗೆ ಗೊತ್ತಾದರೆ ಗುಂಡಿ ನಿಲ್ಲುತ್ತದೆ. ಅದಕ್ಕೆ ಗುಂಡಿ ಮುಗಿಯುವವರೆಗೆ ಅಳುವುದು ಬೇಡ ಅಂತ ಒಂದು ಮನೆ ಪೂರಾ ಸೆರಗು ಬಾಯಿಗೆ ತುರುಕಿಕೊಂಡು ಕೂತಿತ್ತು. ಹೆತ್ತವ್ವನ ಸಾವನ್ನು ಬಚ್ಚಿಡುತ್ತಾರೆ, ತಮ್ಮ ಕೈಗೆ ಮಣ್ಣು ಹತ್ತಬಾರದು ಅಷ್ಟೇ.

ನನಗೆ ನನ್ನ ಮೇಲೂ ಸಿಟ್ಟು ಬಂತು. ಬಿಟ್ಟಿ ಚಾಕರಿ ಹಳ್ಳ ದಾಟಿ ಹೋಗಿತ್ತು. ಅದಕ್ಕೆ ಹೊಸ ಹೆಸರು ಇಟ್ಟು, ನಕ್ಷೆ ಕೊಟ್ಟು, ಕಾಕಾನ ಮನೆಯ ಬಾಗಿಲಿಗೆ ಕರೆತಂದವನು ನಾನು. ಕೆಲಸ ರದ್ದು ಮಾಡೋಣ ಅಂತ ಮೊಬೈಲು ಒತ್ತಿದೆ. ಕಾರಣ ಆರಿಸಿ ಅಂತು. ಆರೋಗ್ಯ ಸರಿಯಿಲ್ಲ. ಗಾಡಿ ಕೆಟ್ಟಿದೆ. ಗ್ರಾಹಕರು ಸಿಗಲಿಲ್ಲ. ಇಷ್ಟೇ ಇದ್ದವು. ಒಲ್ಲೆ ಅನ್ನುವುದಕ್ಕೆ ಜಾಗವೇ ಇರಲಿಲ್ಲ. ‘ಆಯ್ತ್ರಿ’ ಅಂತ ಹೆಸರಿಟ್ಟವರು ‘ಆಗೂದಿಲ್ರಿ’ ಅನ್ನುವವನಿಗೆ ಯಾಕೆ ಜಾಗ ಇಡುತ್ತಾರೆ.

ಹೋಗೂಣು ಬಾ ಅಂತ ಕಾಕಾನ ಕೈ ಹಿಡಿದೆ. ಅವನು ಕುಣಿಯಿಂದ ಮೇಲೆ ಬರಲಿಲ್ಲ. ಅರ್ಧ ತೆಗೆದು ಬಿಟ್ಟು ಹೋದರೆ ಅರ್ಧ ಮಾಡಿಕೊಟ್ಟ ಹಾಗೆಯೇ, ಉಳಿದದ್ದನ್ನು ಯಾರನ್ನಾದರೂ ತಂದು ಮುಗಿಸುತ್ತಾರೆ, ಆಮೇಲೆ ಉಡಚ್ಯಾನೇ ತೆಗೆದ ಅಂತ ಊರೆಲ್ಲ ಹೇಳುತ್ತಾರೆ ಅಂದ. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಅಂದ. “ಅವತ್ತ ಮುಗಿಸಿದ್ದೆ.”

ಅಷ್ಟರಲ್ಲಿ ಅಪ್ಪ ಮಗ ಇಬ್ಬರೂ ಬಂದರು. ಶಂಭುಲಿಂಗಪ್ಪನ ಕಣ್ಣು ಕೆಂಪಾಗಿದ್ದವು. ಹಣೆಯ ವಿಭೂತಿ ಒದ್ದೆಯಾಗಿ ಹರಡಿತ್ತು. ಈರೇಶನ ಕೈಯಲ್ಲಿ ಛತ್ರಿ. ಸಂದೇಶ ಕಳಿಸಿ ಅರ್ಧ ತಾಸಾದರೂ ಗೂಡಿಗೆ ಕೈ ಹಚ್ಚಿಲ್ಲ ಅಂತ ಈರೇಶ ದೂರದಿಂದಲೇ ಶುರು ಮಾಡಿದ. ಮಳೆ ಮತ್ತೆ ಬರುವುದರಲ್ಲಿದೆ, ಬೇಗ ಮುಗಿಸು ಅಂದ.

ಕಾಕಾ ಗುಂಡಿಯೊಳಗಿಂದಲೇ ತಲೆ ಎತ್ತಿದ.

“ಧಣ್ಯಾರ, ಒಂದ ಮಾತ ಕೇಳ್ತೀನ್ರಿ. ಈ ಸಸಿ ಮೆಟ್ಟಲ ಇಳದ ಬಂದ ಗೂಡಿನ್ಯಾಗ ಕುಂದ್ರತೈತೇನ್ರಿ?”

ಶಂಭುಲಿಂಗಪ್ಪ ಬಾವಿಯ ಕಡೆ ನೋಡಿದ.

“ಅದೆಲ್ಲಾ ನಿನಗ್ಯಾಕ ಬೇಕೋ ಉಡಚ್ಯಾ,” ಅಂದ ಈರೇಶ. “ಆ್ಯಪಿನ್ಯಾಗ ಹೂಂ ಅಂದೀಯಿಲ್ಲ?”

“ಅಂದೇನ್ರಿ. ಸಸೀಗಿ ಅಂದೇನಿ.”

“ಮತ್ತ ಮಾಡು.”

ಕಾಕಾ ಆ ಹುರಿಯನ್ನು ಎತ್ತಿ ಹಿಡಿದ. ಒಂಬತ್ತೂ ಗಂಟು ಜೋತಾಡಿದವು. ಈರೇಶ ಗೂಟದ ಬುಡ ನೋಡಿದ. ಹುರಿ ಎತ್ತಿಕೊಂಡು ಹೋಗಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಎತ್ತುವುದು ಯಾವಾಗಲೂ ನಮ್ಮ ಕೆಲಸವಾಗಿತ್ತಲ್ಲ.

“ಯಾರ ಹೋಗ್ಯಾರ, ಬಾಯಿ ಬಿಟ್ಟ ಹೇಳ್ರಿ ಧಣ್ಯಾರ,” ಅಂದ ಕಾಕಾ. “ಆಯವ್ವನ ಮ್ಯಾಲ ನನಗ ಸಿಟ್ಟಿಲ್ಲ. ನೀವ ಹೇಳಿದ್ರ ಚಪ್ಪಲ ಬಿಟ್ಟ ಕೈ ಮುಗೀತೀನಿ. ಕೈ ಮುಗದ ನನ್ನ ಮನಿಗಿ ಹೋಗ್ತೀನಿ. ಕುಣಿ ನೀವ ತಗೀರಿ.”

ಶಂಭುಲಿಂಗಪ್ಪ ತನ್ನ ಮನೆಯ ಕಡೆ ತಿರುಗಿ ನೋಡಿದ. ಒಂದು ಕ್ಷಣ ಅಂದೇಬಿಡುತ್ತಾನೆ ಅನಿಸಿತು ನನಗೆ. ಅಂದಿದ್ದರೆ ಅವನು ಅತ್ತುಬಿಡುತ್ತಿದ್ದ. ಅತ್ತಿದ್ದರೆ ಕಾಕಾ ಏನು ಮಾಡುತ್ತಿದ್ದನೋ ನನಗೆ ಗೊತ್ತಿಲ್ಲ.

“ಯಾರೂ ಹೋಗಿಲ್ಲ,” ಅಂದ ಶಂಭುಲಿಂಗಪ್ಪ. “ಸಸೀಗೇ.”

ತಾಯಿ ಒಳಗೆ ಹೂವಿನ ಹಾರ ಹಾಕಿಕೊಂಡು ಕೂತಿದ್ದಳು. ಮಗ ಹೊಲದಲ್ಲಿ ನಿಂತು ಅವಳು ಸತ್ತಿಲ್ಲ ಅಂದ.

ಕಾಕಾ ಹುರಿಯನ್ನು ಸುತ್ತಿ ದಂಡೆಯ ಮೇಲೆ ಇಟ್ಟ. ಮೇಲೆ ಹತ್ತಿದ. ಸಲಿಕೆಯನ್ನು ಅಡ್ಡ ಹಿಡಿದು ಈರೇಶನ ಮುಂದೆ ಚಾಚಿದ.

“ಕುಣಿ ಬೇಕಂದ್ರ ಹಿಡೀರಿ.”

ಈರೇಶನ ಕೈ ಮುಂದೆ ಬಂತು. ಹಿಡಿಕೆಗೆ ಮೆತ್ತಿದ್ದ ಹಸಿ ಮಣ್ಣು, ಬೆವರು ನೋಡಿತು. ಹಿಂದೆ ಹೋಯಿತು.

“ಹಂಗಂದ್ರ ಸಸಿ ಹಚ್ಚೂಣು,” ಅಂದ ಕಾಕಾ.

ಬದುವಿನ ಬೇವಿನ ಬುಡದಲ್ಲಿ ಬಿದ್ದ ಬೀಜದಿಂದ ಎದ್ದ ಮರಿಗಳು ಹತ್ತಾರಿದ್ದವು. ಮೊಣಕಾಲುದ್ದದ ಒಂದನ್ನು ಬೇರು ಹರಿಯದಂತೆ ಕಿತ್ತು ತಂದ. ನಾನು ಅಂಗಿ ಬಿಚ್ಚಿ ಸಲಿಕೆ ಹಿಡಿದೆ. ಮೂರು ತಾಸು ತೆಗೆದ ಮಣ್ಣನ್ನು ತಿರುಗಿ ತುಂಬಿದೆವು. ತೆಗೆಯುವುದಕ್ಕಿಂತ ತುಂಬುವುದು ಹಗುರ ಅಂತ ತಿಳಿದಿದ್ದೆ. ಅಲ್ಲ. ಅಂಗೈ ಬೊಬ್ಬೆ ಎದ್ದು ಒಡೆದವು. ಶಂಭುಲಿಂಗಪ್ಪ ಕೂಗಾಡಿದ, ಕೂಗು ಮನೆಯವರೆಗೆ ಹೋಗಬಾರದು ಅಂತ ಹಲ್ಲು ಕಚ್ಚಿಕೊಂಡು ಕೂಗಾಡಿದ. ನಾಳೆ ಕೂಲಿಗೆ ಯಾರ ಹೊಲಕ್ಕೆ ಹೋಗುತ್ತೀ ಅಂದ. ಕೇರಿಗೆ ನೀರು ಹೇಗೆ ಬರುತ್ತದೆ ನೋಡುತ್ತೇನೆ ಅಂದ. ಕಾಕಾ ತುಂಬಿದ ಮಣ್ಣು ಸಮ ಮಾಡಿದ. ನಡುವೆ ಸಸಿ ಇಟ್ಟ. ಕಾಲಿನಿಂದ ಸುತ್ತ ಮಣ್ಣು ತುಳಿದ. ಬಾವಿಯಿಂದ ಒಂದು ಕೊಡ ನೀರು ತಂದು ಹಾಕಿದ, ಅಷ್ಟು ಮಳೆಯಾಗಿದ್ದರೂ.

ಆಮೇಲೆ ಫೋಟೋ ತೆಗೆಸಿದ.

ಜೇಬಿನ ಹೆಂಗಸು ಹಿಗ್ಗಿದಳು. “ಅಭಿನಂದನೆಗಳು ಉಡಚಪ್ಪ ಅವರೇ. ಕೆಲಸ ಪೂರ್ಣಗೊಂಡಿದೆ. ಹಸಿರು ನಾಳೆಗಾಗಿ ನಿಮ್ಮ ಕೊಡುಗೆ ಅಮೂಲ್ಯ.”

ಈರೇಶ ಅಲ್ಲೇ ನಿಂತು ದೂರು ಕೊಡಲು ಹೋದ. ಏನು ತೊಂದರೆಯಾಯಿತು ಅಂತ ಆ್ಯಪು ಅವನನ್ನೂ ಕೇಳಿತು. ಗುಂಡಿ ತೆಗೆದಿಲ್ಲ. ಸಸಿ ನೆಟ್ಟಿಲ್ಲ. ಸಸಿ ಒಣಗಿದೆ. ಮೂರರಲ್ಲಿ ಒಂದನ್ನು ಒತ್ತಬೇಕು. ಕೆಳಗೆ ನಿಮ್ಮ ಮಾತಿನಲ್ಲಿ ಬರೆಯಿರಿ ಅಂತ ಒಂದು ಖಾಲಿ ಜಾಗ ಇತ್ತು. ಹೆಬ್ಬೆರಳು ಬಹಳ ಹೊತ್ತು ಆ ಜಾಗದ ಮೇಲೆ ನಿಂತಿತ್ತು. ಬರೆಯಬೇಕು ಅಂದರೆ ಕುಣಿ ಅಂತ ಬರೆಯಬೇಕು. ಕುಣಿ ಅಂತ ಬರೆದರೆ ಅವ್ವ ಸತ್ತದ್ದನ್ನು ಬರೆಯಬೇಕು. ಕೊನೆಗೆ ಏನೂ ಬರೆಯದೆ ಒಂದೇ ಸ್ಟಾರು ಕೊಟ್ಟ.

ನಾವು ಹಳ್ಳ ದಾಟುವುದರೊಳಗೆ ಕಾಕಾನ ಜೇಬು ಕೊನೆಯ ಸಲ ಮಾತಾಡಿತು. ಉಡಚಪ್ಪ ಅವರೇ, ನಿಮ್ಮ ಸರಾಸರಿ ನಾಲ್ಕಕ್ಕಿಂತ ಕಡಿಮೆಯಾಗಿದೆ, ನಿಮ್ಮ ಖಾತೆಯನ್ನು ನಿಲ್ಲಿಸಲಾಗಿದೆ. ಅದೇ ದನಿ. ಅದೇ ಮರ್ಯಾದೆ. ಬಿಡಿಸಿದಾಗಲೂ ‘ಅವರೇ’ ಅಂತಲೇ ಬಿಡಿಸಿದಳು. ಕಾಕಾ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಇಟ್ಟುಕೋ ಅನ್ನಲಿಲ್ಲ, ಎಸೆ ಅನ್ನಲಿಲ್ಲ. ಕಾಲಿನ ಮಣ್ಣು ಹಳ್ಳದಲ್ಲಿ ತೊಳೆದುಕೊಂಡ. ಎರಿ ಮಣ್ಣು, ಒಂದೇ ಸಲಕ್ಕೆ ಹೋಗುವುದಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಧಣಿಗಳ ಮನೆಯಲ್ಲಿ ಅಳು ಎದ್ದಿತು. ಏಳು ತಾಸು ತಡೆದಿಟ್ಟ ಅಳು. ಹಳ್ಳದ ಈಚೆಗೂ ಕೇಳಿಸಿತು. ಕಾಕಾ ಊಟಕ್ಕೆ ಕೂತಿದ್ದವನು ಕೈ ತೊಳೆದುಕೊಂಡ. ಅಂಗಳಕ್ಕೆ ಬಂದು, ಚಪ್ಪಲಿ ಬಿಟ್ಟು, ಆ ಕಡೆ ಮುಖ ಮಾಡಿ ಕೈ ಮುಗಿದ. ದುರಗವ್ವನೂ ಮುಗಿದಳು. ಮಜ್ಜಿಗೆಗೆ ಉಪ್ಪು ಹಾಕುತ್ತಿದ್ದಳು ಪಾಪ ಅಂದಳು.

ಸಂಜೆ ನಾಲ್ಕರ ಹೊತ್ತಿಗೆ ಕಾಕಾ ಮತ್ತೆ ಆ ಹೊಲದ ಕಡೆ ನಡೆದ. ಯಾಕೆ ಅಂತ ನಾನು ಕೇಳಿದ್ದಕ್ಕೆ ಮೋಡ ತೋರಿಸಿದ. ಅನುಮಾನ ಬಂತು ನನಗೆ. ಕರಗಿಬಿಟ್ಟನೋ ಏನೋ ಅಂತ ಹಿಂದೆಯೇ ಹೋದೆ.

ಬೇವಿನ ಸಸಿಯಿಂದ ಐದಾರು ಹೆಜ್ಜೆ ಆಚೆ ಹೊಸ ಕುಣಿ ತೆಗೆಯುತ್ತಿದ್ದರು. ಈರೇಶ ಪ್ಯಾಂಟು ಮಡಚಿ ಒಳಗೆ ಇಳಿದಿದ್ದ. ಜೊತೆಗೆ ಇದ್ದ ಅವನ ಚಿಕ್ಕಪ್ಪನ ಮಗ ಕಾಶಿನಾಥ ಅಂಗೈ ಊದಿಕೊಳ್ಳುತ್ತ ದಂಡೆಗೆ ಬಂದು ಕೂತಿದ್ದ. ಬಿಳಿ ಅಂಗಿಯವರು ಇಪ್ಪತ್ತು ಜನ ಛತ್ರಿ ಹಿಡಿದು ಸುತ್ತ ನಿಂತಿದ್ದರು. ತೆಗೆದ ಮಣ್ಣನ್ನೆಲ್ಲ ಕುಣಿಯ ಅಂಚಿಗೇ ಒಟ್ಟಿದ್ದರು. ಈರೇಶ ಎದೆಯ ಮಟ ಇಳಿದು, ಗೋಡೆಗೆ ಬೆನ್ನು ಕೊಟ್ಟು, ಗೂಡು ಕಡಿಯುತ್ತಿದ್ದ. ಅವನ ಬೆನ್ನ ಹಿಂದೆ ಮಣ್ಣಿನಲ್ಲಿ ಒಂದು ಬಿರುಕು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಇಪ್ಪತ್ತು ಜನಕ್ಕೂ ಅದು ಕಾಣುತ್ತಿತ್ತು. ಅದು ಏನು ಅನ್ನುವುದು ಒಬ್ಬನಿಗೇ ಗೊತ್ತಿತ್ತು.

“ಏ ಈರೇಶಾ, ಹೊರಗ ಬಾ,” ಅಂದ ಕಾಕಾ. “ಗ್ವಾಡಿ ಬೀಳತೈತಿ. ಬಾ ಅಂದೆ.”

ಧಣಿಯ ಮಗನನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಈರೇಶ ಕೈಯಲ್ಲಿದ್ದ ಹಾರಿಯನ್ನು ಬಿಟ್ಟು ಮೇಲೆ ಜಿಗಿದ. ಮೊಣಕಾಲು ಊರಿ ದಂಡೆಗೆ ಬಂದ ಮರುಗಳಿಗೆ ಆ ಗೋಡೆ ಪಚಕ್ ಅಂತ ಕುಸಿಯಿತು. ಅವನು ನಿಂತಿದ್ದ ಜಾಗ ಮುಚ್ಚಿಹೋಯಿತು. ಶಂಭುಲಿಂಗಪ್ಪ ಕಾಕಾನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ನಮ್ಮಪ್ಪನ ಮುಖ ಇರುವ ನನ್ನನ್ನು. ತಲೆ ತಗ್ಗಿಸಿದ.

ಕಾಕಾ ದೂರದಲ್ಲೇ ನಿಂತು ಬಾಯಿಮಾತಿನಲ್ಲಿ ಹೇಳಿದ. ಅಂಚಿನ ಮಣ್ಣು ಮೂರು ಮಾರು ಆಚೆ ಎಳೆಯಬೇಕು. ಗೋಡೆ ನೆಟ್ಟಗೆ ಕಡಿಯಬಾರದು, ಓರೆ ಕಡಿಯಬೇಕು. ಗೂಡು ಕಡಿಯುವವನ ಹಿಂದೆ ಇನ್ನೊಬ್ಬ ಕಣ್ಣು ಬಿಟ್ಟು ನಿಂತಿರಬೇಕು. ನಮಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ ಅಂತ ಅವನು ಅನ್ನಲಿಲ್ಲ. ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಈರೇಶ ಎದ್ದು ನಿಂತ. ಅಂಗಿ, ಗಡ್ಡ, ರೆಪ್ಪೆ ಎಲ್ಲ ಎರಿ ಮಣ್ಣು.

“ಕಾಕಾ,” ಅಂದ. ಅವನ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. “ನಮ್ಗ ತಿಳಿಯೂದಿಲ್ರಿ ಇದು. ನೀವ ಒಂಚೂರು ಇಳೀರಿ.”

ಇಪ್ಪತ್ತು ಛತ್ರಿ ಕಾಕಾನ ಕಡೆ ತಿರುಗಿದವು. ಮಳೆಯ ಮೊದಲ ಹನಿ ಬಿತ್ತು. ನಾನು ಅವನನ್ನೇ ನೋಡಿದೆ. ಎರಡು ತಿಂಗಳು ಮೊಬೈಲಿನ ‘ಅವರೇ’ಗೆ ಎದ್ದು ನಿಂತವನು ಈ ‘ಕಾಕಾ’ಕ್ಕೆ ಏನು ಮಾಡುತ್ತಾನೋ ಅಂತ.

ಕಾಕಾ ಬಾಗಿ, ಬಿದ್ದಿದ್ದ ಸಲಿಕೆಯನ್ನು ಎತ್ತಿದ. ಹಿಡಿಕೆಯ ಮಣ್ಣನ್ನು ತನ್ನ ಧೋತರದ ತುದಿಯಿಂದ ಒರೆಸಿದ. ಈರೇಶನ ಕೈಗೆ ಕೊಟ್ಟ.

“ಹೊರಗ ಬಾ ಅಂದೆ,” ಅಂದ. “ನಾ ಒಳಗ ಬರ್ತೀನಿ ಅನ್ನಲಿಲ್ಲ.”